ಎಲ್ಲರಿಗೂ ನನ್ನದೇ ದನಿ

ನನ್ನ ದನಿಗೆ ಊರಿಲ್ಲ. ಅಪ್ಪ ಬ್ಯಾಂಕಿನ ನೌಕರರು, ಮೂರು ವರ್ಷಕ್ಕೊಮ್ಮೆ ವರ್ಗ. ಕೋಲಾರ, ಸಾಗರ, ಗಂಗಾವತಿ, ಮಡಿಕೇರಿ ಎಂದು ಅಲೆದು ಬೆಳೆದವಳಿಗೆ ಯಾವ ಊರಿನ ಮಾತೂ ನಾಲಿಗೆಗೆ ಅಂಟಲಿಲ್ಲ. ಹೊಸ ಶಾಲೆಗೆ ಹೋದಾಗಲೆಲ್ಲ "ನೀನು ಯಾವ ಕಡೆಯವಳೇ?" ಎಂದು ಕೇಳುತ್ತಿದ್ದರು. ನಾನು ಏನು ಹೇಳಿದರೂ ನಂಬುತ್ತಿರಲಿಲ್ಲ. ಆಗ ಅದೊಂದು ಕೊರತೆ ಅನ್ನಿಸುತ್ತಿತ್ತು. ಮೂವತ್ತೆಂಟನೇ ವಯಸ್ಸಿನಲ್ಲಿ ಅದೇ ಕೊರತೆ ನನ್ನನ್ನು ಮುನ್ನೂರ ನಲವತ್ತು ಮಕ್ಕಳ ಕಿವಿಯೊಳಗೆ ಕೂರಿಸಿತು.

ನಾನು ಮಂದಾಕಿನಿ. ಹುಬ್ಬಳ್ಳಿಯ ಶ್ರವಣ ಕೇಂದ್ರವೊಂದರಲ್ಲಿ ಆಡಿಯಾಲಜಿಸ್ಟ್. ಮಕ್ಕಳಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು, ಕೇಳಿಸದವರಿಗೆ ಕೇಳಿಸುವಂತೆ ಮಾಡುವುದು, ಕೇಳಿಸಿದ್ದನ್ನು ಅರ್ಥ ಮಾಡಿಕೊಳ್ಳಲು ಕಲಿಸುವುದು ನನ್ನ ಕೆಲಸ. ಎಲ್ಲರ ಒಳಗಿವಿಯಲ್ಲೂ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇರುತ್ತದೆ. ಹುಟ್ಟು ಕಿವುಡಾದ ಮಗುವಿಗೆ ಅದರೊಳಗೆ ಶಸ್ತ್ರಚಿಕಿತ್ಸೆ ಮಾಡಿ ತೆಳುವಾದ ತಂತಿಯೊಂದನ್ನು ಇಳಿಸುತ್ತಾರೆ. ತಂತಿಯ ಮೇಲೆ ಇಪ್ಪತ್ತೆರಡು ಬಿಂದುಗಳು. ಕಿವಿಯ ಹಿಂದೆ ಸಿಕ್ಕಿಸಿದ ಪ್ರೊಸೆಸರ್ ಹೊರಗಿನ ಶಬ್ದವನ್ನು ವಿದ್ಯುತ್ತಿನ ಮಿಡಿತವಾಗಿಸಿ ಆ ಬಿಂದುಗಳಿಗೆ ಕಳಿಸುತ್ತದೆ, ಅಲ್ಲಿಂದ ನರಕ್ಕೆ, ನರದಿಂದ ಮಿದುಳಿಗೆ. ದೇವರು ಸಾವಿರಾರು ಕೂದಲು ಕೋಶಗಳಿಗೆ ಹಂಚಿಕೊಟ್ಟ ಕೆಲಸವನ್ನು ನಾವು ಇಪ್ಪತ್ತೆರಡು ಬಿಂದುಗಳಿಂದ ಮಾಡಿಸುತ್ತೇವೆ. ಇಡೀ ಹಾರ್ಮೋನಿಯಂ ಅನ್ನು ಎರಡೇ ಬೆರಳಿನಲ್ಲಿ ನುಡಿಸಿದ ಹಾಗೆ. ಸದ್ದಿಲ್ಲದ ಕೋಣೆಯಲ್ಲಿ, ಎದುರು ಕೂತು, ನಿಧಾನವಾಗಿ ಮಾತಾಡಿದರೆ ಮಗು ಹಿಡಿಯುತ್ತದೆ. ಮಿಕ್ಸರ್ ಹಾಕಿದರೆ ಕೆಟ್ಟಿತು. ಇಬ್ಬರು ಒಟ್ಟಿಗೆ ಮಾತಾಡಿದರೆ ಕೆಟ್ಟಿತು. ಐವತ್ತು ಪದಗಳ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಇಪ್ಪತ್ತೇಳಕ್ಕೋ ಇಪ್ಪತ್ತೆಂಟಕ್ಕೋ ಬಂದು ನಿಂತುಬಿಡುತ್ತಿದ್ದವು.

ನಮ್ಮ ನಿರ್ದೇಶಕ ಡಾ. ವಾಸುದೇವಮೂರ್ತಿಯವರಿಗೆ ಆಗ ಹೊಳೆದದ್ದು ಒಂದು ಸರಳ ಪ್ರಶ್ನೆ. ಹೊರಗಿನ ಶಬ್ದವನ್ನು ಇದ್ದ ಹಾಗೆಯೇ ಒಳಗೆ ಕಳಿಸುವುದು ಯಾಕೆ? ಯಂತ್ರವೇ ಮಾತನ್ನು ಗುರುತಿಸಲಿ. 'ನೀರು' ಅಂದರೆ ಇದು 'ನೀರು' ಎಂದು ತಿಳಿದುಕೊಳ್ಳಲಿ. ಆಮೇಲೆ ಮೊದಲೇ ಧ್ವನಿಮುದ್ರಣ ಮಾಡಿಟ್ಟ ಸ್ವಚ್ಛವಾದ 'ನೀರು' ಎಂಬ ಮಾತನ್ನು ಮಗುವಿನ ನರಕ್ಕೆ ಕೊಡಲಿ. ಗದ್ದಲ ಇರುವುದಿಲ್ಲ, ಗೊಗ್ಗರು ಗಂಟಲು ಇರುವುದಿಲ್ಲ, ಊರೂರಿನ ರಾಗ ಇರುವುದಿಲ್ಲ. ಮಿದುಳು ಎಳೆಯದು, ಅದಕ್ಕೆ ನೂರು ದನಿ ಕೊಟ್ಟು ಗಲಿಬಿಲಿ ಮಾಡುವ ಬದಲು ಒಂದೇ ದನಿ ಕೊಡಿ, ಬೇಗ ಕಲಿಯುತ್ತದೆ. ಯಂತ್ರಕ್ಕೆ ಖಾತ್ರಿಯಾಗದಿದ್ದರೆ ಸುಮ್ಮನಿರಲಿ. ತಪ್ಪು ಮಾತಿಗಿಂತ ಮೌನ ವಾಸಿ.

ಇದಕ್ಕೆ 'ಸ್ಪಷ್ಟ' ಎಂದು ಹೆಸರಿಟ್ಟರು. ದನಿ ಯಾರದು ಎಂಬ ಪ್ರಶ್ನೆ ಬಂದಾಗ ಹನ್ನೊಂದು ಜನರ ಧ್ವನಿ ಕೇಳಿ, ಕೊನೆಗೆ ನನ್ನದನ್ನು ಆರಿಸಿದರು. "ಮಂದಾಕಿನಿ, ನಿಮ್ಮ ಮಾತು ಕೇಳಿದರೆ ಯಾವ ಜಿಲ್ಲೆ ಅಂತ ಹೇಳೋಕಾಗಲ್ಲ. ಅದೇ ನಮಗೆ ಬೇಕು" ಎಂದರು ಮೂರ್ತಿಯವರು. ಕಂಬಳಿ ಹೊದಿಸಿದ ಪುಟ್ಟ ಕೋಣೆಯಲ್ಲಿ ಹನ್ನೊಂದು ವಾರ ಕೂತು ಹದಿನಾಲ್ಕು ಸಾವಿರ ಪದಗಳನ್ನು, ಒಂದೊಂದನ್ನೂ ಮೂರು ಮೂರು ಸಲ ಓದಿದೆ. ಗಂಟಲು ಕಟ್ಟಿ ಮನೆಯಲ್ಲಿ ಮಾತಾಡಲಾಗದೆ ಸನ್ನೆ ಮಾಡುತ್ತಿದ್ದೆ. "ಈ ಯೋಜನೆಯಿಂದ ಮೊದಲು ಉದ್ಧಾರವಾದದ್ದು ನಾನೇ" ಎಂದು ನನ್ನ ಗಂಡ ನಗುತ್ತಿದ್ದ. ಆಗ ನನಗಾದ ಹೆಮ್ಮೆಯನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಪ್ರಾರ್ಥನೆಯೋ ಪಾಠವೋ ಬೈಗುಳವೋ, ಆ ಮಕ್ಕಳು ಏನು ಕೇಳಿದರೂ ನನ್ನ ದನಿಯಲ್ಲೇ ಕೇಳುತ್ತಾರೆ ಎಂದು ನೆನೆದು ರೋಮಾಂಚನವಾಗಿತ್ತು.

ಬೈಗುಳವನ್ನು ನಾವು ಮುದ್ರಿಸಿರಲಿಲ್ಲ ಎಂಬುದು ಬೇರೆ ಮಾತು.

ದಾನಮ್ಮನನ್ನು ನಾನು ಮೊದಲು ನೋಡಿದ್ದು ಬನಹಟ್ಟಿಯಲ್ಲಿ. ಮೂರು ವರ್ಷದ ಕೂಸು. ಶಸ್ತ್ರಚಿಕಿತ್ಸೆಗೆ ಮೊದಲು ಮನೆ ನೋಡಿ ಬರಬೇಕೆಂಬುದು ನಮ್ಮ ನಿಯಮ. ಮನೆಯೆಂದರೆ ಮುಂದೆ ಎರಡು ಕೋಣೆ, ಹಿಂದೆ ಎಂಟು ವಿದ್ಯುತ್ ಮಗ್ಗಗಳ ಶೆಡ್ಡು. ಮಗ್ಗಗಳು ಓಡುತ್ತಿದ್ದವು. ಒಳಗೆ ಕಾಲಿಟ್ಟ ಕೂಡಲೇ ನನ್ನ ಕಿವಿ ತುಂಬಿಹೋಯಿತು. ಲಾಳಿ ಹೊಡೆದಾಡುವ ಸದ್ದಿಗೆ ಎದೆಯೊಳಗಿನ ಎಲುಬೂ ನಡುಗಿತು. ನಾನು ಜೋರಾಗಿ ನನ್ನ ಹೆಸರು ಹೇಳಿದೆ. ನನಗೇ ಕೇಳಿಸಲಿಲ್ಲ.

ಆದರೆ ಅಲ್ಲಿದ್ದ ಐದು ಜನ ಆರಾಮಾಗಿ ಮಾತಾಡಿಕೊಳ್ಳುತ್ತಿದ್ದರು. ಬಾಯಿಂದ ದನಿ ಹೊರಡಿಸುತ್ತಿರಲಿಲ್ಲ, ತುಟಿ ಮಾತ್ರ ಬಿಡಿಸಿ ಬಿಡಿಸಿ ಆಡಿಸುತ್ತಿದ್ದರು. ಜೊತೆಗೆ ಕೈ. ಎರಡು ಬೆರಳು ಮಡಚಿದರೆ ನೂಲು ಹರಿಯಿತು, ಅಂಗೈ ಹೊರಳಿಸಿದರೆ ಚಹಾ ಬಂತು, ಗದ್ದ ಮುಟ್ಟಿದರೆ ನೂಲು ಕೊಡುವ ಮಾಲೀಕ ಬಂದ. ಆ ತುದಿಯ ಮಗ್ಗದವನು ಏನೋ ಅಂದ, ಈ ತುದಿಯಲ್ಲಿ ಎಲ್ಲರೂ ನಕ್ಕರು. ನೂಲಿನ ಬುಟ್ಟಿಗಳ ನಡುವೆ ಕೂತ ದಾನಿ ಕೂಡ ನಕ್ಕಳು. ಆಮೇಲೆ ಅವ್ವನ ಕಡೆ ನೋಡಿ ಹೊಟ್ಟೆ ಮುಟ್ಟಿ, ಐದೂ ಬೆರಳು ಕೂಡಿಸಿ ತೋರಿಸಿದಳು. ಅವ್ವ ಮಗ್ಗ ಬಿಟ್ಟು ಬರದೆ ತುಟಿ ಆಡಿಸಿದಳು. ಹುಡುಗಿ ಎದ್ದು ಮೂಲೆಯ ಡಬ್ಬಿ ತೆಗೆದು ಚುರುಮುರಿ ತಿನ್ನತೊಡಗಿದಳು.

ಅವ್ವನ ಹೆಸರು ನೀಲವ್ವ. ಹೊರಗೆ ಬಂದು ಮಾತಾಡಿದಳು.

"ಈಕಿಗೆ ಕೇಳಸಾಂಗಿಲ್ಲ ಅಂತ ನಮಗ ಎರಡು ವರ್ಷ ಗೊತ್ತಾಗಲೇ ಇಲ್ರಿ ಅಕ್ಕಾರ. ಮಗ್ಗ ಹಚ್ಚಿದ ಮ್ಯಾಲ ಇಲ್ಲಿ ಎಲ್ಲಾರೂ ಕಿವುಡರ. ಅಂಗನವಾಡಿಯವರು ಬಂದು ಹೇಳಿದಾಗ ನಮ್ಮತ್ತಿ ಅವರ ಕೂಡನ ಜಗಳಕ್ಕ ನಿಂತಿದ್ಲು."

ಅತ್ತೆ ನಿಂಬೆವ್ವ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದಳು. "ನಮ್ಮ ಕೂಸು ಶಾಣ್ಯಾ ಐತಿ. ಅವರ ಬಾಯಾಗ ಮಣ್ಣು ಹಾಕ!" ಎಂದು ಅಂಗನವಾಡಿಯ ಇಡೀ ವಂಶವನ್ನು ಜಾಲಾಡಿದಳು. ಅವಳ ಬೈಗುಳಕ್ಕೆ ಒಂದು ತಾಳವಿತ್ತು.

ಕೂಸು ಜಾಣೆ ಎಂಬುದು ನನಗೂ ಕಂಡಿತ್ತು. ನಾನು ಮೆಚ್ಚಿ ಸುಮ್ಮನೆ ಬರಬಹುದಿತ್ತು. ಆದರೆ ನಾನು ಓದಿದವಳು. ಕಣ್ಣಿಗೆ ಸಿಕ್ಕಿದ್ದನ್ನು ಮಿದುಳು ಕಿವಿಯಿಂದ ಹುಡುಕುವುದಿಲ್ಲ, ಸನ್ನೆ ಬಿಟ್ಟರೆ ಮಾತ್ರ ಮಾತು ಬರುತ್ತದೆ ಎಂದು ನಮ್ಮ ಪುಸ್ತಕದಲ್ಲಿತ್ತು. ನೀಲವ್ವನಿಗೆ ತಿಳಿಸಿ ಹೇಳಿದೆ: ಯಂತ್ರ ಹಾಕಿದ ದಿನದಿಂದ ಮನೆಯಲ್ಲಿ ಕೈಸನ್ನೆ ಇರಬಾರದು. ಮಗುವಿನ ಜೊತೆ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿದುಕೊಳ್ಳಬೇಕು, ತುಟಿ ಕಾಣಬಾರದು. ಮಗುವನ್ನು ಮಗ್ಗದ ಶೆಡ್ಡಿಗೆ ತರಬಾರದು.

"ಬಾಯಿ ಮುಚ್ಚಿಕೊಂಡು ಮಾತಾಡಂದ್ರ ಹೆಂಗ್ರಿ?" ಎಂದು ನೀಲವ್ವ ನಕ್ಕಳು. ನಗು ಮುಗಿದ ಮೇಲೆ ಕೇಳಿದಳು: "ಆಕಿಗೆ ನಾವಂದದ್ದು ಎಲ್ಲಾ ತಿಳೀತೈತ್ರಿ. ಇದನ್ನ ಬಿಡಿಸಿದ್ರ, ನಡುವ ಏನೂ ಇಲ್ಲದಂಗ ಆಗಾಂಗಿಲ್ಲೇನ್ರಿ?"

"ಆಗಲ್ಲ. ನನ್ನನ್ನು ನಂಬಿ" ಎಂದೆ. ನಂಬಿದಳು.

ಯಂತ್ರ ಹಾಕುವ ಮುನ್ನ ಹದಿನೆಂಟು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿದೆವು. ಹದಿನಾಲ್ಕನೇ ಪುಟದಲ್ಲಿ 'ಪ್ರಮಾಣಿತ ಧ್ವನಿಮಾದರಿಯ ಬಳಕೆ' ಎಂಬ ಒಂದು ಸಾಲಿತ್ತು. ಅದರ ಅರ್ಥವನ್ನು ನೀಲವ್ವ ಕೇಳಲಿಲ್ಲ, ನಾನು ಹೇಳಲಿಲ್ಲ.

ಮುಂದಿನ ಆರು ವರ್ಷ ನಮ್ಮ ಪಾಲಿಗೆ ಸುಗ್ಗಿ. ಕೇಂದ್ರದ ಎರಡನೇ ಮಹಡಿಯಲ್ಲಿ ಒಂದು ನಿಯಂತ್ರಣ ಕೊಠಡಿ ಇತ್ತು. ಪ್ರತಿ ಮಗುವಿನ ಯಂತ್ರವೂ ದಿನದ ವರದಿಯನ್ನು ಅಲ್ಲಿಗೆ ಕಳಿಸುತ್ತಿತ್ತು: ಎಷ್ಟು ತಾಸು ಧರಿಸಿದೆ, ಎಷ್ಟು ಮಾತು ತಲುಪಿತು, ಎಷ್ಟು ಮಾತಿಗೆ ಯಂತ್ರ ಸುಮ್ಮನಿತ್ತು. ಗೋಡೆಯ ಪರದೆಯ ಮೇಲೆ ಮುನ್ನೂರ ನಲವತ್ತು ಹಸಿರು ಚುಕ್ಕಿಗಳು. ಅದನ್ನು ನೋಡಿಕೊಳ್ಳುತ್ತಿದ್ದವನು ತಿಪ್ಪೇಶ, ಹೊಸದುರ್ಗದ ಕಡೆಯ ಎಂಜಿನಿಯರ್. ಐವತ್ತು ಪದಗಳ ಪರೀಕ್ಷೆಯಲ್ಲಿ ಮಕ್ಕಳು ನಲವತ್ತೇಳು, ನಲವತ್ತೆಂಟು ತೆಗೆಯುತ್ತಿದ್ದರು. ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋದರು. ಮೂರ್ತಿಯವರಿಗೆ ಎರಡು ಸನ್ಮಾನವಾಯಿತು, ಶಾಲು ಹೊದೆಯುವ ಚಟ ಹತ್ತಿತು.

ಒಂದು ಮಧ್ಯಾಹ್ನ ತಿಪ್ಪೇಶ ನನ್ನನ್ನು ಕರೆದ.

"ಮೇಡಂ, ಈ ಪರೀಕ್ಷೆ ಪಾಸಾಗ್ತಿರೋದು ಮಕ್ಳೋ ಮಿಷನ್ನೋ?"

"ಏನು ಹಾಗಂದರೆ?"

"ಐವತ್ತು ಪದಾನೂ ನಮ್ ಹದಿನಾಲ್ಕು ಸಾವ್ರದಲ್ಲಿ ಇದಾವೆ. ನೀವು ಓದ್ತೀರಾ, ಮಿಷನ್ ಗುರುತು ಹಿಡಿಯುತ್ತೆ, ನಿಮ್ದೇ ದನೀಲಿ ಮಗೂಗೆ ಹೇಳುತ್ತೆ. ಇದ್ರಲ್ಲಿ ಮಗು ಏನು ಕೇಳುಸ್ಕಂತು?"

ಆಮೇಲೆ ದಾನಿಯ ವರದಿ ತೆರೆದು ತೋರಿಸಿದ. ಅವ್ವನ ಮಾತು ದಿನಕ್ಕೆ ನಾಲ್ಕು ಸಾವಿರ ತಲುಪಿದೆ. ಅಜ್ಜಿಯದು ನೂರೂ ಇಲ್ಲ. ಅಜ್ಜಿಯ ನುಡಿಗಟ್ಟುಗಳಲ್ಲಿ ಹೆಚ್ಚಿನವು ಯಂತ್ರಕ್ಕೆ ಗೊತ್ತಿಲ್ಲದವು, ಬೈಗುಳವಂತೂ ಒಂದೂ ಗೊತ್ತಿಲ್ಲ, ಹಾಗಾಗಿ ಸುಮ್ಮನಿದ್ದುಬಿಡುತ್ತದೆ. ನಾನು ಮುಂದಿನ ಭೇಟಿಯಲ್ಲಿ ದಾನಿಯನ್ನು ಕೇಳಿದೆ: ನಿಮ್ಮ ಅಜ್ಜಿ ಹೇಗೆ? "ಅಜ್ಜಿ ತುಂಬಾ ಶಾಂತ ಸ್ವಭಾವದವರು, ಹೆಚ್ಚು ಮಾತನಾಡುವುದಿಲ್ಲ" ಎಂದಳು ಏಳು ವರ್ಷದ ದಾನಿ. ನಗು ತಡೆಯಲಾಗಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು ನೆನಪಾಗಿ ಅರ್ಧಕ್ಕೇ ಎದ್ದುಬಿಟ್ಟೆ.

ಮಕ್ಕಳಿಗೆ ಆರು ತುಂಬಿದ ಮೇಲೆ 'ಸ್ಪಷ್ಟ'ವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಬೇರೆ ದನಿಗಳನ್ನು ಒಳಗೆ ಬಿಡಬೇಕೆಂದು ಮೊದಲಿನ ಯೋಜನೆಯಲ್ಲೇ ಇತ್ತು. ಭಾಷೆಯನ್ನು ಹಿಡಿಯುವ ಮಿದುಳಿನ ಬಾಗಿಲು ಎಳವೆಯಲ್ಲಿ ಅಗಲವಾಗಿ ತೆರೆದಿರುತ್ತದೆ, ಬೆಳೆಯುತ್ತ ಹೋದಂತೆ ಕಿರಿದಾಗುತ್ತದೆ. ಹನ್ನೆರಡು ಮಕ್ಕಳ ಮೇಲೆ ಸಡಿಲಿಸಿ ನೋಡಿದೆವು. ಅಂಕ ನಲವತ್ತೆಂಟರಿಂದ ಹತ್ತೊಂಬತ್ತಕ್ಕೆ ಬಿತ್ತು. ಮಕ್ಕಳು ಅತ್ತವು, ಪಾಲಕರು ಫೋನ್ ಮಾಡಿದರು.

"ಇರಲಿ, ಮುಂದಿನ ವರ್ಷ ನೋಡೋಣ" ಎಂದರು ಮೂರ್ತಿಯವರು.

"ಸರ್, ಮುಂದಿನ ವರ್ಷ ಇನ್ನೂ ಕಷ್ಟ ಆಗುತ್ತೆ. ವಯಸ್ಸು ಕಾಯಲ್ಲ."

"ಹತ್ತೊಂಬತ್ತು ಅಂಕ ತಗೊಂಡು ಈ ಮಕ್ಕಳು ಸಾಮಾನ್ಯ ಶಾಲೆಗೆ ಹೋಗೋಕಾಗುತ್ತಾ? ನಲವತ್ತು ಬಂದರೆ ಮಾತ್ರ ಪ್ರವೇಶ ಅಂತ ನಿಯಮ ಇದೆ. ನೀವೇ ಹೋಗಿ ಆ ತಾಯಂದಿರಿಗೆ ಹೇಳ್ತೀರಾ?"

ನಾನು ಹೇಳಲಿಲ್ಲ. ಮುಂದಿನ ವರ್ಷವೂ ಸಡಿಲಿಸಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಎಲ್ಲವನ್ನೂ ಮೂರ್ತಿಯವರ ಬಾಯಿಗೆ ಒರೆಸಿ ನಾನು ಕೈ ತೊಳೆದುಕೊಳ್ಳಬಹುದು. ಆದರೆ ನನ್ನ ಬಾಯಲ್ಲೂ ಮೊಸರಿತ್ತು. ನನ್ನ ದನಿ ಆ ಮಕ್ಕಳ ಕಿವಿಯಿಂದ ಇಳಿದು ಹೋಗುವುದು ನನಗೂ ಅಷ್ಟೇನೂ ಬೇಕಿರಲಿಲ್ಲ.

ದಾನಿ ಊರಿನ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಬಂದಳು. ಪಾಠ ಓದುವುದರಲ್ಲಿ ಮೊದಲು. ಓಣಿಯ ಹುಡುಗರು ಅವಳಿಗೆ 'ಬಾತ್ಮಿ ಬಾಯಿ' ಎಂದು ಅಡ್ಡಹೆಸರಿಟ್ಟಿದ್ದರು, ಟೀವಿಯಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಾಳೆ ಎಂದು. ನೀಲವ್ವನಿಗೆ ಇದರಿಂದ ಎದೆಯುಬ್ಬುತ್ತಿತ್ತು. "ನಮ್ಮ ದಾನಿ ಪುಸ್ತಕದಂಗ ಮಾತಾಡ್ತಾಳ್ರಿ ಅಕ್ಕಾರ. ನಮ್ಮ ಮನಿಯಾಗ ಇಂಥಾ ಮಾತು ಯಾರಿಗೆ ಬರತಿದ್ವು? ಯಾರ ಹತ್ರ ಕಲತ್ಲೋ ಏನೋ" ಎಂದು ಫೋನಿನಲ್ಲಿ ಹೇಳುವಾಗ ನಾನು "ಜಾಣ ಹುಡುಗಿ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದೆ.

ನೀಲವ್ವ ಕೊಟ್ಟ ಮಾತು ತಪ್ಪಿರಲಿಲ್ಲ. ಏಳು ವರ್ಷ ಮಗಳ ಮುಂದೆ ಬಾಯಿಗೆ ಸೆರಗು ಅಡ್ಡ ಹಿಡಿದೇ ಮಾತಾಡಿದಳು. ಶೆಡ್ಡಿನಲ್ಲಿ ಮಗ್ಗ ಓಡುವಾಗ ಮಗಳನ್ನು ಒಳಗೆ ಬಿಡಲಿಲ್ಲ. ಗಂಡನಿಗೆ, ಅತ್ತೆಗೆ, ಆಳುಗಳಿಗೆ ಎಲ್ಲರಿಗೂ ಅದನ್ನೇ ಕಲಿಸಿದಳು. ನಾನು ಕಂಡ ತಾಯಂದಿರಲ್ಲಿ ಅವಳಷ್ಟು ಶಿಸ್ತಿನಿಂದ ನಮ್ಮ ನಿಯಮ ಪಾಲಿಸಿದವರು ಇನ್ನೊಬ್ಬರಿಲ್ಲ.

ಏಳನೇ ವರ್ಷ ಪ್ರೊಸೆಸರ್ ಮಾಡುತ್ತಿದ್ದ ಕಂಪನಿ ಮುಚ್ಚಿತು. ಒಳಗಿನ ತಂತಿ ಜೀವನಪೂರ್ತಿ ಇರುತ್ತದೆ, ಹೊರಗಿನ ಪ್ರೊಸೆಸರ್ ಇರುವುದಿಲ್ಲ. ಅದು ಸವೆಯುತ್ತದೆ, ಬದಲಿಸಬೇಕು. ಹೊಸ ಕಂಪನಿಯ ಪ್ರೊಸೆಸರ್ ತಂತಿಗೆ ಹೊಂದುತ್ತಿತ್ತು, ಆದರೆ ಅದರಲ್ಲಿ 'ಸ್ಪಷ್ಟ' ಕೂರುತ್ತಿರಲಿಲ್ಲ. ತಿಪ್ಪೇಶ ನಾಲ್ಕು ತಿಂಗಳು ಹೆಣಗಿದ. ಕೊನೆಗೆ "ಆಗಲ್ಲ ಮೇಡಂ, ಇದ್ರ ಹೊಟ್ಟೇನೇ ಬೇರೆ" ಎಂದು ಕೈಚೆಲ್ಲಿದ. ಹಳೆಯವು ಒಂದೊಂದಾಗಿ ಸಾಯತೊಡಗಿದವು. ಗೋಡೆಯ ಮೇಲಿನ ಹಸಿರು ಚುಕ್ಕಿಗಳು ದಿನಕ್ಕೆ ಎರಡು ಮೂರರಂತೆ ಆರಿದವು.

ದಾನಿಯನ್ನು ಕರೆದುಕೊಂಡು ನೀಲವ್ವ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಹುಡುಗಿಗೆ ಹತ್ತು ವರ್ಷ. ಎರಡು ಜಡೆ, ನೀಲಿ ರಿಬ್ಬನ್ನು. ನಾನು ಹೊಸ ಪ್ರೊಸೆಸರ್ ಸಿಕ್ಕಿಸಿ, ಮಟ್ಟ ಹೊಂದಿಸಿ, ನೀಲವ್ವನ ಕಡೆ ನೋಡಿ ಮಾತಾಡಿಸುವಂತೆ ಕೈ ಮಾಡಿದೆ.

ನೀಲವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು "ದಾನೀ, ಹೆಂಗ ಕೇಳಾಕತ್ತೈತವಾ?" ಎಂದಳು.

ದಾನಿ ಬೆಚ್ಚಿದಳು. ಕೈ ಕಿವಿಗೆ ಹೋಯಿತು. ಅವ್ವನನ್ನು, ಗೋಡೆಯನ್ನು, ಮತ್ತೆ ಅವ್ವನನ್ನು ನೋಡಿದಳು. ನೀಲವ್ವ ಇನ್ನೊಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು.

"ದಾನಮ್ಮ, ಹೆದರಬೇಡ. ನಾನು ಹೇಳುವುದು ಕೇಳಿಸುತ್ತಿದೆಯಾ?" ಎಂದೆ.

ಅವಳ ಮುಖ ಅರಳಿತು. ಕುರ್ಚಿ ಬಿಟ್ಟು ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. "ಕೇಳಿಸುತ್ತಿದೆ" ಎಂದಳು.

ಪರೀಕ್ಷೆ ಮಾಡಲೇಬೇಕಿತ್ತು, ಮಾಡಿದೆ. ಐವತ್ತು ಪದಗಳನ್ನು ನೀಲವ್ವ ಹೇಳಿದಳು. ಐದು ಸರಿ. ತಿಪ್ಪೇಶನನ್ನು ಕರೆಸಿ ಅವನಿಂದ ಹೇಳಿಸಿದೆ. ಆರು. ನಾನು ಹೇಳಿದೆ. ನಲವತ್ತಾರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಅಂಥ ಹಾಳೆಯನ್ನು ನೋಡಿರಲಿಲ್ಲ. ಹುಡುಗಿಗೆ ಎಲ್ಲರ ದನಿಯೂ ಒಳಗೆ ಬರುತ್ತಿತ್ತು, ಶಬ್ದವಾಗಿ ಮಾತ್ರ. ಏಳು ವರ್ಷ ಅವಳ ಮಿದುಳು ಒಬ್ಬಳ ಮಾತನ್ನಷ್ಟೇ ಮಾತು ಎಂದು ಕಲಿತಿತ್ತು.

ನೀಲವ್ವ ಕಂಗಾಲಾಗಿ ಸೆರಗು ಬಿಟ್ಟಳು. ಮಗಳ ಮುಂದೆ ಮೊಣಕಾಲೂರಿ ಕೂತು, ಎಷ್ಟೋ ವರ್ಷಗಳ ಮೇಲೆ ಶೆಡ್ಡಿನ ಮಾತು ಶುರು ಮಾಡಿದಳು. ತುಟಿಗಳನ್ನು ಬಿಡಿಸಿ ಬಿಡಿಸಿ ಆಡಿಸಿದಳು, ಕೈ ಹೊರಳಿಸಿದಳು, ಬೆರಳು ಕೂಡಿಸಿದಳು. ದಾನಿಗೆ ನಾಚಿಕೆಯಾಯಿತು. ಸುತ್ತ ನೋಡಿ, ಅವ್ವನ ಎರಡೂ ಕೈ ಹಿಡಿದು ಕೆಳಗಿಳಿಸಿದಳು.

"ಕೈ ಆಡಿಸಬಾರದು ಅವ್ವ. ಬಾಯಿಯಿಂದ ಹೇಳಬೇಕು" ಎಂದಳು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಅವ್ವನ ಮಾತು ನಿಮ್ಮ ಹತ್ತಿರ ಯಾಕೆ ಇದೆ?"

ಅಲ್ಲಿ ಯಾರು ಏನು ಆಡಿದರೂ ಅವಳಿಗೆ ಅರ್ಥವಾಗುತ್ತಿರಲಿಲ್ಲ, ನಾನು ಆಡಿದ್ದು ಮಾತ್ರ ಎಲ್ಲ ಅರ್ಥವಾಗುತ್ತಿತ್ತು. ದಾನಿಯನ್ನು ತಿಪ್ಪೇಶನ ಜೊತೆ ಆಟದ ಕೋಣೆಗೆ ಕಳಿಸಿ, ಬಾಗಿಲು ಹಾಕಿ, ನೀಲವ್ವನಿಗೆ ಎಲ್ಲ ಹೇಳಿದೆ. ಕಂಬಳಿ ಹೊದಿಸಿದ ಕೋಣೆ, ಹದಿನಾಲ್ಕು ಸಾವಿರ ಪದ, ಹದಿನಾಲ್ಕನೇ ಪುಟ.

"ಹಂಗಾದ್ರ ನನ್ನ ದನಿ ಏನಾತ್ರಿ?"

ನಾನು ಮೇಜಿನ ಮೇಲಿದ್ದ ಹಳೆಯ ಪ್ರೊಸೆಸರನ್ನು ಅವಳ ಕಡೆ ಸರಿಸಿದೆ.

"ಏಳು ವರ್ಷ ಆಕಿ ಕೂಡ ಮಾತಾಡೀನಲ್ರಿ. ಜ್ವರ ಬಂದಾಗ ರಾತ್ರಿಯೆಲ್ಲಾ ತಲಿ ಮ್ಯಾಲ ಕೈ ಇಟ್ಟು ಮಾತಾಡೀನಿ. ಸಾಲಿಗೆ ಹೋಗಾಕ ಒಲ್ಲೆ ಅಂದಾಗ ಬೈದೀನಿ. ಅವೆಲ್ಲಾ ಎಲ್ಲಿಗೆ ಹೋದ್ವು? ನಾ ಹೇಳಿದ್ದು ನೀವು ಹೇಳಿದಂಗ ಆತು?"

"ಮಾತು ನಿಮ್ಮದೇ ನೀಲವ್ವ. ದನಿ ಮಾತ್ರ..."

"ದನಿ ಮಾತ್ರ!" ಎಂದಳು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. "ನೀವು ಬಾಯಿ ಮುಚ್ಚು ಅಂದ್ರಿ, ಮುಚ್ಚಿದ್ನಿ. ಕೈ ಕಟ್ಟು ಅಂದ್ರಿ, ಕಟ್ಟಿದ್ನಿ. ದನಿ ಒಂದ ಉಳದಿತ್ತು. ಅದನ್ನೂ ನೀವ ತಗೊಂಡಿದ್ರಿ."

ತಪ್ಪಾಯಿತು ಎಂದೆ. ಆ ಪದವೂ ನಮ್ಮ ಹದಿನಾಲ್ಕು ಸಾವಿರದಲ್ಲಿ ಇತ್ತು, ನಾನೇ ಮೂರು ಸಲ ಓದಿದ್ದೆ.

ಮೂರ್ತಿಯವರಿಗೆ ಇಂಥ ಹೊತ್ತಿನಲ್ಲೂ ಯೋಜನೆಯೊಂದು ಸಿದ್ಧವಿತ್ತು. ಅವರೇ ಬಂದು ನೀಲವ್ವನ ಎದುರು ಕೂತು ವಿವರಿಸಿದರು. ಕೇಂದ್ರದಲ್ಲಿ ವಸತಿ ಶಾಲೆ ತೆರೆಯುತ್ತೇವೆ. ಎಲ್ಲ ಪಾಠವನ್ನೂ ಮಂದಾಕಿನಿಯವರೇ ಮಾಡುತ್ತಾರೆ, ಊಟಕ್ಕೆ ಕರೆಯುವುದರಿಂದ ಮಲಗಿಸುವವರೆಗೂ ಅವರದೇ ದನಿ. ಮಕ್ಕಳಿಗೆ ಎಲ್ಲ ಅರ್ಥವಾಗುತ್ತದೆ, ಓದು ನಿಲ್ಲುವುದಿಲ್ಲ, ಅಂಕ ಕಡಿಮೆಯಾಗುವುದಿಲ್ಲ. ರಜೆಗೆ ಮನೆಗೆ ಕರೆದೊಯ್ಯಬಹುದು. ಇಲ್ಲಿ ಸಹಿ ಮಾಡಿ.

ನೀಲವ್ವ ಅವರನ್ನು ನೋಡದೆ ನನ್ನನ್ನು ಕೇಳಿದಳು. "ನನ್ನ ದನಿ ಆಕಿಗೆ ಕಲಸಾಕ ಬರತೈತೇನ್ರಿ ಇನ್ನ?"

ಸುಳ್ಳು ಹೇಳುವ ಕಾಲ ಮುಗಿದಿತ್ತು. "ದಿನಾ ಹತ್ತು ತಾಸು ನೀವೇ ಮಾತಾಡಬೇಕು. ಎರಡು ವರ್ಷ ಬೇಕಾಗಬಹುದು, ಐದು ಬೇಕಾಗಬಹುದು. ವಯಸ್ಸು ಮೀರಿದೆ. ಬರದೆಯೂ ಇರಬಹುದು. ಅಲ್ಲಿಯವರೆಗೆ ಅವಳಿಗೆ ಶಾಲೆಯಲ್ಲಿ ಏನೂ ತಿಳಿಯುವುದಿಲ್ಲ."

"ನಿಮ್ಮ ಹತ್ರ ಬಿಟ್ರ?"

"ನಾನು ಹೇಳಿದ್ದು ತಿಳಿಯುತ್ತೆ. ನಿಮ್ಮದು ಎಂದೂ ತಿಳಿಯುವುದಿಲ್ಲ. ಒಂದು ಸುಲಭದ ದನಿ ಹತ್ತಿರ ಇದ್ದರೆ ಮಿದುಳು ಕಷ್ಟದ್ದಕ್ಕೆ ಕೈ ಹಾಕುವುದಿಲ್ಲ."

ಮೂರ್ತಿಯವರು ಕೆಮ್ಮಿದರು. ನೀಲವ್ವ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮಗಳು ಶಾಲೆಯಲ್ಲಿ ಮೊದಲಿಗಳು. ಮಗಳು ಬಾತ್ಮಿ ಬಾಯಿ. ಸಹಿ ಮಾಡಿದರೆ ಅದಿಷ್ಟೂ ಉಳಿಯುತ್ತಿತ್ತು, ತಾಯಿಯ ಮಾತು ತಿಳಿಯುವುದೊಂದನ್ನು ಬಿಟ್ಟು. ಅವಳು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಕಾಗದವನ್ನು ಮೇಜಿನ ಮೇಲೆ ಇಟ್ಟಳು.

"ಒಲ್ಲೆರಿ. ಆಕಿಗೆ ತಿಳೀಲಿ ಬಿಡಲಿ, ಇನ್ನ ಮ್ಯಾಲ ಆಕಿ ಕೂಡ ಮಾತಾಡಾಕಿ ನಾನ." ಆಮೇಲೆ ನನ್ನ ಕಡೆ ಬೆರಳು ಮಾಡಿದಳು. "ನೀವು ಇವತ್ತಿನಿಂದ ನನ್ನ ಮಗಳ ಮುಂದ ಬಾಯಿ ತಗೀಬ್ಯಾಡ್ರಿ. ಒಂದ ಮಾತೂ ಬ್ಯಾಡ. ಆಣಿ ಮಾಡ್ರಿ."

ಆಣೆ ಮಾಡಿದೆ. ನನ್ನ ವೃತ್ತಿಯಲ್ಲಿ ನಾನು ಕೊಟ್ಟ ಮಾತುಗಳಲ್ಲೆಲ್ಲ ಸರಿಯಾದದ್ದು ಅದೊಂದೇ, ಅದೂ ಅವಳೇ ಹೇಳಿ ನನ್ನಿಂದ ಒಪ್ಪಿಸಿದ್ದು.

ತಿಪ್ಪೇಶ ದಾನಿಯನ್ನು ಕರೆತಂದ. ಕೋಣೆಯೊಳಗೆ ಬಂದವಳೇ ನೇರ ನನ್ನ ಹತ್ತಿರ ಬಂದಳು. ಆಟದ ಕೋಣೆಯಲ್ಲಿ ಬಿಡಿಸಿದ ಚಿತ್ರ ತೋರಿಸಿದಳು. ಒಂದು ಮನೆ, ಅದರ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದ ನಾಲ್ಕು ಜನ.

"ಚೆನ್ನಾಗಿದೆಯಾ?" ಎಂದು ಕೇಳಿದಳು.

ನಾನು ತಲೆಯಾಡಿಸಿದೆ.

"ಯಾಕೆ ಮಾತನಾಡುತ್ತಿಲ್ಲ?"

ನಾನು ಕಾಗದಗಳನ್ನು ಜೋಡಿಸುವ ಹಾಗೆ ಮಾಡಿದೆ. ಹುಡುಗಿಯ ಕಣ್ಣು ತುಂಬಿತು.

"ನಾನು ಏನಾದರೂ ತಪ್ಪು ಮಾಡಿದ್ದೇನೆಯೇ? ನಿಮಗೆ ನನ್ನ ಮೇಲೆ ಸಿಟ್ಟು ಬಂದಿದೆಯೇ?" ಒಂದು ಅಕ್ಷರವೂ ತೊದಲಲಿಲ್ಲ. ಅಷ್ಟು ಚೆಂದದ ಕನ್ನಡ, ಎಲ್ಲ ನನ್ನದೇ.

"ಇಲ್ಲವಾ, ಅವರಿಗೆ ಸಿಟ್ಟಿಲ್ಲ" ಎಂದಳು ನೀಲವ್ವ.

ದಾನಿ ಅವ್ವನ ಕಡೆ ಒಮ್ಮೆ ನೋಡಿ, ಅರ್ಥವಾಗದೆ, ಮತ್ತೆ ನನ್ನ ಮುಖವನ್ನೇ ನೋಡಿದಳು. ಒಂದು ಮಾತು ಸಾಕಿತ್ತು, ಆ ಮಗುವಿನ ಅಳು ನಿಲ್ಲುತ್ತಿತ್ತು. ನಾನು ಎದ್ದು, ಅವಳ ಕೈಯಿಂದ ನನ್ನ ಕೈ ಬಿಡಿಸಿಕೊಂಡು, ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

"ಸಿಟ್ಟಿಲ್ಲ ಅವರಿಗೆ. ದಾನೀ, ಇಲ್ಲಿ ನೋಡವಾ. ಸಿಟ್ಟಿಲ್ಲ." ಒಳಗೆ ಹುಡುಗಿ ಬಾಗಿಲು ಬಡಿಯುತ್ತಿದ್ದಳು. ನೀಲವ್ವ ಅದೇ ಮಾತನ್ನು ನಿಧಾನವಾಗಿ, ಮತ್ತೆ ಮತ್ತೆ ಹೇಳುತ್ತಿದ್ದಳು. ಗೊಗ್ಗರು ದನಿ, ಮಗ್ಗದ ಧೂಳು ತಿಂದದ್ದು. ಏಳು ವರ್ಷಗಳಲ್ಲಿ ನಾನೂ ಆ ದನಿಗೆ ಕಿವಿಗೊಟ್ಟಿರಲಿಲ್ಲ. ಕಾರಿಡಾರಿನ ತುದಿಯ ಬೆಂಚಿನ ಮೇಲೆ ಕೂತು ಎಣಿಸಿದೆ. ಮೂವತ್ತು ಸಲ ಹೇಳಿದಳು, ಮೂವತ್ತೊಂದು ಸಲ ಹೇಳಿದಳು. ಬಾಗಿಲು ಬಡಿಯುವುದು ನಿಲ್ಲಲಿಲ್ಲ.